ಆಯಿಗೊಂದು ಸೀರೆ

ನಮ್ಮ ಮನೆಯ ಫ್ಯಾಷನ್ ನಿಂತಿದ್ದೇ ಮಗ್ಗದ ತಪ್ಪುಗಳ ಮೇಲೆ. ಬೆಳಗಾವಿಯ ವಡಗಾವಿಯಲ್ಲಿ, ಒಂದು ಮನೆಯ ಮಗ್ಗದ ಸಪ್ಪಳ ನಿಲ್ಲುವುದರೊಳಗೆ ಬಾಜೂ ಮನೆಯದು ಸುರುವಾಗುವಂಥ ಓಣಿಯಲ್ಲಿ ನಾವು ಬಾಡಿಗೆಗೆ ಇದ್ದೆವು. ಎಳೆ ತಪ್ಪಿದ, ಎಣ್ಣೆ ಹತ್ತಿದ, ದಡಿ ಸೊಟ್ಟಗಾದ ಸೀರೆಗಳನ್ನು ಪೇಟೆಯ ಅಂಗಡಿಯವರು ಮುಟ್ಟುತ್ತಿರಲಿಲ್ಲ. ಅವಕ್ಕೆ ದಾಗೀ ಮಾಲು ಎಂದು ಹೆಸರು. ಪೇಟೆ ಒಲ್ಲೆನೆಂದದ್ದನ್ನು ನಮ್ಮವ್ವ ಎರಡೂ ಕೈ ಚಾಚಿ ಬರಮಾಡಿಕೊಳ್ಳುತ್ತಿದ್ದಳು. ಎಳೆ ತಪ್ಪಿದಲ್ಲಿ ಕಸೂತಿಯ ಒಂದು ಹೂವು, ಎಣ್ಣೆಯ ಕಲೆಯ ಮೇಲೆ ಒಂದು ನವಿಲು, ಉದ್ದಕ್ಕೆ ಸೀಳಿದ್ದರೆ ಒಂದು ಬಳ್ಳಿ. ಸೀರೆ ಎಷ್ಟು ಕೆಟ್ಟಿರುತ್ತಿತ್ತೋ ಅಷ್ಟು ಚೆಂದ ಆಗುತ್ತಿತ್ತು. ಓಣಿಯ ಹೆಂಗಸರು ಅವ್ವನ ಸೆರಗು ಹಿಡಿದು ನೋಡಿ, "ಏನ ಡಿಸೈನ್ ತಗದೀರಿ ಬಾಈ!" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಕೆಳಗಿರುವುದು ಎಣ್ಣೆ ಎಂದು ಅವ್ವ ಯಾರಿಗೂ ಹೇಳಲಿಲ್ಲ.

ಆ ಸೀರೆ ಜೀರ್ಣವಾದ ಮೇಲೆ ನನ್ನ ಲಂಗ, ಲಂಗ ಹರಿದ ಮೇಲೆ ತಲೆದಿಂಬಿನ ಚೀಲ, ಅದೂ ಹೋದ ಮೇಲೆ ಕೌದಿಯ ಚೂರು, ಕೊನೆಗೆ ಒಲೆಯ ಮುಂದಿನ ಮಸಿ ಅರಿವೆ. ನಮ್ಮದು ಬಸವಣ್ಣನವರನ್ನು ನಂಬಿದ ಮನೆ, ಪುನರ್ಜನ್ಮದ ಮಾತು ನಮ್ಮಲ್ಲಿ ಇರಲಿಲ್ಲ. ಸೀರೆಗಳ ವಿಷಯದಲ್ಲಿ ಮಾತ್ರ ಅದನ್ನು ಕಣ್ಣಾರೆ ಕಂಡಿದ್ದೆವು.

ಅಪ್ಪ ಒಂದು ಕಚೇರಿಯಲ್ಲಿ ಕಾರಕೂನ. ಅವನಿಗೊಂದು ಕೋಟು ಇತ್ತು, ಮದುವೆಯಲ್ಲಿ ಹೊಲಿಸಿದ್ದು. ಹೊರಮೈ ಮಾಸಿ ಬೆಳ್ಳಗಾದಾಗ ಸಿಂಪಿಗನ ಹತ್ತಿರ ಪೂರಾ ಬಿಚ್ಚಿಸಿ, ಒಳಮೈಯನ್ನು ಹೊರಗೆ ಮಾಡಿಸಿ ಮತ್ತೆ ಹೊಲಿಸಿಕೊಂಡ. ಬಟ್ಟೆಯೇನೋ ಹೊಸದರಂತೆ ಕಂಡಿತು. ಆದರೆ ಎದೆಯ ಕಿಸೆ ಎಡಗಡೆಯಿಂದ ಬಲಗಡೆಗೆ ಬಂತು. ಪೆನ್ನು ತೆಗೆಯುವಾಗಲೆಲ್ಲ ಅಪ್ಪನ ಕೈ ಮೊದಲು ಎಡಗಡೆ ಎದೆ ತಡವಿ, ಆಮೇಲೆ ದಾರಿ ಹುಡುಕಿಕೊಂಡು ಬಲಕ್ಕೆ ಹೋಗುತ್ತಿತ್ತು. "ಹಾಸಿಗಿ ಇದ್ದಷ್ಟು ಕಾಲ ಚಾಚಬೇಕು" ಎಂದು ಅವನು ದಿನಕ್ಕೊಮ್ಮೆ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಹಾಸಿಗೆ ಯಾರದೋ ಹಳೆಯ ಸೀರೆಯಾಗಿತ್ತು ಎಂಬುದು ಬೇರೆ ಮಾತು.

ಇನ್ನು ಉಳಿದವಳು ಆಯಿ. ನಮ್ಮ ಮನೆಯಲ್ಲಿ ತಾಯಿಗೆ ಅವ್ವ, ಅಜ್ಜಿಗೆ ಆಯಿ ಎನ್ನುತ್ತೇವೆ. ಆಯಿ ಅಂದರೆ ಅಪ್ಪನ ತಾಯಿ, ಗೇಣುದ್ದದ ಮುದುಕಿ, ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಮಾತು. ಅವಳ ತವರು ಖಾನಾಪುರ ತಾಲೂಕಿನಲ್ಲಿ, ಹಲಸಿಯ ಕಡೆಯ ಒಂದು ಹಳ್ಳಿ. ಅವಳಿಗೆ ಮನೆಯಲ್ಲಿ ಯಾರೂ ಸೀರೆ ಕೊಂಡದ್ದು ನಾನು ಕಂಡಿಲ್ಲ. ಬೇಕಾಗಿಯೇ ಇರಲಿಲ್ಲ. ಯಾರ ಮನೆಯ ಲಗ್ನವಾದರೂ ಹಿರಿಯರಿಗೆಂದು ಆಯೇರಿಯ ಉಡುಗೊರೆಯಲ್ಲಿ ಒಂದು ಸೀರೆ ಬರುತ್ತಿತ್ತು. ಮುದುಕಿಗೆ ಯಾವ ಬಣ್ಣವಾದರೇನು ಎಂದುಕೊಂಡು ಜನ ಬೂದಿ, ಮಣ್ಣು, ಇಲಿ, ಹೀಗೆ ಕಣ್ಣಿಗೆ ಬೀಳದ ಬಣ್ಣಗಳನ್ನೇ ಆರಿಸಿ ಕೊಡುತ್ತಿದ್ದರು. ಆಯಿ ಅವನ್ನು ಉಟ್ಟು ಗೋಡೆಗೆ ಆತು ಕುಳಿತರೆ ಗೋಡೆ ಯಾವುದು ಆಯಿ ಯಾವುದು ತಿಳಿಯುತ್ತಿರಲಿಲ್ಲ. ಅವಳು ಬಾಯಿಬಿಟ್ಟು ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕನಿಗೆ ಗಂಡು ನೋಡುತ್ತಿದ್ದರು. ಎರಡು ಕಡೆ ಮಾತು ಮುಂದುವರಿದು ಮುರಿದಿತ್ತು. ಒಬ್ಬರಿಗೆ ಹುಡುಗಿ ಕಪ್ಪೆನಿಸಿತು, ಇನ್ನೊಬ್ಬರ ಕಣ್ಣು ಅಪ್ಪನ ಬಲಗಡೆಯ ಕಿಸೆಯ ಮೇಲೆ ಬಿತ್ತು. ಅಕ್ಕ ಎರಡೂ ಸಲ ಏನೂ ಆಗದವರಂತೆ ರೊಟ್ಟಿ ಬಡಿದಳು. ಆದರೆ ಮೂರನೆಯವರು ಬಂದು ಹೋದ ದಿನ ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಮರೆತಳು, ಅದು ಸುಟ್ಟು ಮನೆಯೆಲ್ಲ ಹೊಗೆಯಾಯಿತು. ಆಗ ನಮಗೆ ವಿಷಯ ತಿಳಿಯಿತು.

ಹುಡುಗ ಖಾನಾಪುರದವನು. ಬೆಳಗಾವಿಯಲ್ಲಿ ನೌಕರಿ, ದಿನಾ ರೈಲಿಗೆ ಬಂದು ಹೋಗುವವನು. ಹೆಣ್ಣು ನೋಡುವ ದಿನ ಅವ್ವ ಭಜಿ, ಉಪ್ಪಿಟ್ಟು, ಕುಂದಾ ಎಲ್ಲ ಮಾಡಿಟ್ಟು, ರೂಢಿಯಂತೆ "ಎಲ್ಲಾ ಹುಡುಗೀನ ಮಾಡ್ಯಾಳ್ರಿ" ಎಂದಳು. ಇಂಥ ಸುಳ್ಳನ್ನು ಯಾರೂ ನಂಬುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಈ ಹುಡುಗ ಕೇಳಿದ. ಅಕ್ಕನ ಮುಖ ನೋಡಿ, "ಖರೇ ಹೇಳ್ರಿ, ಇದರಾಗ ನೀವು ಮಾಡಿದ್ದು ಯಾವುದು?" ಅಂದ. ಅಕ್ಕ ನೆಲ ನೋಡುತ್ತ, "ಚಹಾ" ಅಂದಳು. ಅವನು ನಕ್ಕು ಇನ್ನೊಂದು ಕಪ್ಪು ಚಹಾ ಕೇಳಿ ಕುಡಿದ. ಚಹಾ ಚೆನ್ನಾಗಿರಲಿಲ್ಲ, ನಾನೂ ಕುಡಿದಿದ್ದೆ. ಅಷ್ಟಕ್ಕೇ ಅಕ್ಕ ಸೋತಳು.

ಹುಡುಗನ ತಂದೆಗೆ ಖಾನಾಪುರದಲ್ಲಿ ಸಣ್ಣದೊಂದು ಅಕ್ಕಿ ಗಿರಣಿ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ಜನ. ಹೊರಡುವ ಮುಂಚೆ ಅವರು ಅಪ್ಪನ ಕೈ ಹಿಡಿದು ಹೇಳಿದರು: "ಹುಂಡಾ ಗಿಂಡಾ, ವರದಕ್ಷಿಣಿ, ನಮಗ ಏನೂ ಬ್ಯಾಡ್ರಿ. ಮನಿ ನೋಡಾಕ ಬರ್ತೀರಲ್ಲ, ಆವಾಗ ಹುಡುಗನ ಆಯಿಗೆ ಒಂದು ಛಲೋ ಸೀರಿ ತರ್ರಿ, ಸಾಕು. ಆಯಿ ಖುಷಿ ಆದ್ಳಂದ್ರ ಎಲ್ಲಾ ಆದಂಗ."

ಪಕ್ಕದಲ್ಲಿ ಅವರ ಹೆಂಡತಿ ನಿಂತಿದ್ದರು. ತೆಳ್ಳನೆಯ ನಾಯಲಾನ್ ಸೀರೆ, ತೋಳಿಗೆ ಬುಗ್ಗೆ ಬಂದ ಜಂಪರು, ತಲೆಯ ಮೇಲೆ ಎತ್ತರದ ತುರುಬು. ನಮ್ಮ ಓಣಿಯಲ್ಲಿ ಅಂಥ ತುರುಬು ಅದೇ ಮೊದಲು ಬಂದದ್ದು. ಗಂಡನ ಮಾತು ಕೇಳಿ ಅವರು ನಾಚಿ ಸೆರಗು ಎಳೆದುಕೊಂಡರು. ಅತ್ತೆಯ ಮೇಲೆ ಎಷ್ಟು ಭಕ್ತಿ ಎಂದು ಅವ್ವ ಆಮೇಲೆ ಹೊಗಳಿದಳು.

ಬೆಳಗಾವಿಯಲ್ಲಿದ್ದು ಮರಾಠಿ ಬಾರದವರು ಯಾರಿದ್ದಾರೆ? ಅಪ್ಪ ಕಾಯಿಪಲ್ಲೆಯ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುತ್ತಿದ್ದುದೇ ಮರಾಠಿಯಲ್ಲಿ. ಬೀಗರು ಆ ಮಾತನ್ನು ಮರಾಠಿಯಲ್ಲಿ ಆಡಿದ್ದರೆ ಏನೂ ಆಗುತ್ತಿರಲಿಲ್ಲ. ನಮ್ಮ ಮೇಲಿನ ಮರ್ಯಾದೆಗೆಂದು ಕನ್ನಡದಲ್ಲಿ ಆಡಿದರು, ಅಲ್ಲೇ ಎಡವಟ್ಟಾಯಿತು. ಯಾವ ಭಾಷೆ ದೊಡ್ಡದು ಎಂದು ಆಗಾಗ ಬಾಯಿ ಮಾಡುವ ಊರು ನಮ್ಮದು. ಒಂದೇ ಶಬ್ದ ಎರಡೂ ಮನೆಯಲ್ಲಿ ಸಂಸಾರ ಹೂಡಿರುತ್ತದೆ ಎಂದು ನಮಗೆ ಹೊಳೆಯಲಿಲ್ಲ.

"ಹುಡುಗನ ಆಯಿ ಹೆಣ್ಣ ನೋಡಾಕ ಬಂದಿಲ್ಲ ಅಂದ್ರ ಭಾಳ ವಯಸ್ಸಾಗಿರಬೇಕು" ಎಂದು ಅಪ್ಪ ಅಂದಾಜು ಹಾಕಿದ.

"ಹೂಂ, ಆಗಿರಬೇಕು" ಎಂದಳು ನಮ್ಮ ಆಯಿ, ಬುಟ್ಟಿಯಲ್ಲಿಯ ಮೆಂತ್ಯ ಸೋಸುತ್ತ. ತಲೆ ಎತ್ತಲಿಲ್ಲ.

"ವಯಸ್ಸಾದವರಿಗೆ ಎಂಥಾ ಸೀರಿ ಸೇರತೈತಿ, ನನಗೇನ ಗೊತ್ತು?" ಎಂದಳು ಅವ್ವ.

"ನನಗ ಗೊತ್ತೈತಿ" ಎಂದಳು ಆಯಿ.

ಮರುದಿನವೇ ಅವಳು ಓಣಿ ಸುತ್ತಲು ಹೊರಟಳು, ನಾನು ಹಿಂದೆ. ಒಂದೊಂದು ಮನೆಯ ಮಗ್ಗದ ಮುಂದೆಯೂ ನಿಂತಳು. ದಾಗೀ ಮಾಲಿನ ಗಂಟು ಬಿಚ್ಚಿದವರಿಗೆ, "ಇದು ಬೀಗರ ಮನಿಗೆ ಹೋಗೂದು, ಒಂದು ಎಳಿ ತಪ್ಪಿರಬಾರದು" ಎಂದು ಗದರಿದಳು. ಕೊನೆಗೆ ಕಡಿಮೆ ಅಗಲಕ್ಕೆ ಹಾಸಿನ ಎಳೆ ಹೂಡಿದ್ದ ಒಂದು ಮಗ್ಗ ಸಿಕ್ಕಿತು. ನೇಕಾರ, "ಆಯೀ, ಇದು ಉದ್ದನ್ನವರಿಗೆ ಆಗಂಗಿಲ್ಲ, ಗಿಡ್ಡ ಆಗತೈತಿ" ಎಂದ. "ವಯಸ್ಸಾದಾಕಿ, ಬಗ್ಗಿರ್ತಾಳ, ಇದ ಬರೋಬರ" ಎಂದಳು ಆಯಿ. ಹಳೆಯ ಕಾಲದ ಮುದುಕಿಯರು ಉಡುವಂಥ ಒಂಬತ್ತು ವಾರಿಯ ಸೀರೆ, ನೇರಳೆ ಹಣ್ಣಿನ ಬಣ್ಣದ ಒಡಲು, ಕುಸುಬೆ ಹೂವಿನ ಬಣ್ಣದ ದಡಿ. ಅದು ನೇಯ್ದು ಇಳಿಯುವವರೆಗೆ ಅವಳು ದಿನಾ ಹೋಗಿ ಮಗ್ಗದ ಬಾಜೂ ಕುಳಿತಳು. ನೇಕಾರ ಬೇಸತ್ತು ಅವಳಿಗೂ ಚಹಾ ತರಿಸತೊಡಗಿದ.

ಸೀರೆ ಮನೆಗೆ ಬಂದ ದಿನ ಅವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುದಿಯಿಂದ ತುದಿಗೆ ಹುಡುಕಿದಳು. ಒಂದೂ ತಪ್ಪು ಸಿಗಲಿಲ್ಲ. ಸೂಜಿ ದಾರ ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ಕುಳಿತಳು. ನಮ್ಮ ಮನೆಗೆ ಬಂದ ಮೊದಲನೆಯ ನಿರ್ದೋಷಿ ಸೀರೆ ಅದು, ಅದೂ ಬೇರೆಯವರ ಮನೆಗೆ ಹೋಗುವಂಥದ್ದು. "ಮುದುಕ್ಯಾರಿಗೆ ಇಷ್ಟು ಝಗಝಗ ಯಾಕ್ರಿ ಅತ್ತಿ?" ಎಂದು ಕೇಳಿದಳು.

"ಹಲ್ಲ ಹೋಗಿರತಾವ, ಕಣ್ಣ ಹೋಗಿರಂಗಿಲ್ಲ" ಎಂದಳು ಆಯಿ.

ಒಂದು ರವಿವಾರ ಅಪ್ಪ, ಅವ್ವ, ಆಯಿ, ನಾನು ಖಾನಾಪುರಕ್ಕೆ ಹೊರಟೆವು. ಮದುವೆಗೆ ಮುಂಚೆ ಹುಡುಗಿ ಆ ಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ, ಅಕ್ಕ ಮನೆಯಲ್ಲೇ ಉಳಿದಳು. ಬಾಗಿಲವರೆಗೆ ಬಂದು ಸೀರೆಯ ಪೊಟ್ಟಣವನ್ನು ಒಮ್ಮೆ ಮುಟ್ಟಿ, "ಅವರಿಗೆ ಸೇರತೈತಲ್ಲ?" ಎಂದು ಕೇಳಿದಳು. ಮೂರನೆಯದೂ ಮುರಿದರೆ ಅವಳು ಈ ಸಲ ರೊಟ್ಟಿ ಬಡಿಯುವುದಿಲ್ಲ ಎಂದು ನನಗೂ ಗೊತ್ತಿತ್ತು.

ರೈಲಿನಲ್ಲಿ ಅಪ್ಪ ತಿರುವಿದ ಕೋಟು ಹಾಕಿಕೊಂಡು, ಬಲಗಡೆಯ ಕಿಸೆ ಕಾಣದಂತೆ ಮೇಲೆ ಶಾಲು ಹೊದ್ದು ಕುಳಿತ. ಬಿಸಿಲಿಗೆ ಬೆವರು ಸುರಿಯುತ್ತಿತ್ತು. ಅವ್ವ ತೊಡೆಯ ಮೇಲೆ ಕುಂದಾದ ಡಬ್ಬಿ ಇಟ್ಟುಕೊಂಡಿದ್ದಳು. ಪೇಟೆಯದು ದುಬಾರಿಯೆಂದು ಹಿಂದಿನ ದಿನ ಪೂರ್ತಿ ಒಲೆಯ ಮುಂದೆ ನಿಂತು ಹಾಲು ತಿರುವಿ ತಾನೇ ಮಾಡಿದ್ದು. ಯಾರೋ ಒಲೆಯ ಮೇಲೆ ಹಾಲಿಟ್ಟು ಮರೆತು, ಅದು ಹತ್ತಿ ಕಂದಾದಾಗ ಹೆದರಿ ಸಕ್ಕರೆ ಸುರಿದು ತಿರುವಿದರು, ಅದೇ ಕುಂದಾ ಆಯಿತು ಎಂದು ನಮ್ಮೂರಲ್ಲಿ ಹೇಳುತ್ತಾರೆ. ನಿಜವೋ ಸುಳ್ಳೋ, ತಪ್ಪನ್ನು ತುಪ್ಪ ಸಕ್ಕರೆ ಹಾಕಿ ತಿನ್ನುವ ಊರು ಎಂದು ನನಗೆ ನಮ್ಮೂರಿನ ಮೇಲೆ ಅಭಿಮಾನ.

ಬೀಗರ ಮನೆ ಗಿರಣಿಯ ಹಿಂದೆಯೇ ಇತ್ತು. ಅಂಗಳಕ್ಕೆ ಕಾಲಿಡುತ್ತಲೇ ಹೊಸ ಅಕ್ಕಿಯ ವಾಸನೆ, ಅದರ ಹಿಂದೆಯೇ ಅಡುಗೆಮನೆಯಿಂದ ಹೋಳಿಗೆ ಬೇಯುವ ವಾಸನೆ. "ಬರ್ರಿ ಬರ್ರಿ, ಕುಂದರ್ರಿ" ಎಂದು ಉಪಚಾರ ನಡೆಯಿತು. ಚಹಾ ಬಂತು, ಒಂದು ತಾಟಿನ ತುಂಬ ಚೂಡಾ ಬಂತು. ಹುಡುಗ ಗೋಡೆಗೆ ಆತು ನಿಂತಿದ್ದ. ಹುಡುಗನ ತಂದೆ, ಅವರ ಅಣ್ಣ, ಮತ್ತು ಎತ್ತರದ ತುರುಬಿನ ಆ ತಾಯಿ ನಮ್ಮೆದುರಿಗೆ.

ಅಪ್ಪ ತಾಟಿನಲ್ಲಿ ತೆಂಗಿನಕಾಯಿ, ಕುಂದಾ, ಸೀರೆ ಇಟ್ಟುಕೊಂಡು ಎದ್ದು ನಿಂತ. ಸುತ್ತಲೂ ನೋಡಿದ. "ಹುಡುಗನ ಆಯಿ ಎಲ್ಲಿ ಅದಾರ್ರಿ?"

ಹುಡುಗನ ತಂದೆ ನಕ್ಕರು. "ಇಲ್ಲೇ ನಿಮ್ಮ ಮುಂದ ನಿಂತಾಳಲ್ರಿ!"

"ಇವರಲ್ರಿ. ಆಯಿ. ವಯಸ್ಸಾದವರು."

ಹುಡುಗನ ತಂದೆ ಹೆಂಡತಿಯ ಮುಖ ನೋಡಿದರು. ಅಪ್ಪನಿಗೆ ತಾನು ಇನ್ನೂ ಸ್ಪಷ್ಟವಾಗಿ ಹೇಳಬೇಕೆನಿಸಿತು. "ಮುದುಕರು" ಎಂದು ಬಿಡಿಸಿ ಹೇಳಿದ.

"ಆಜೀನ ಕೇಳ್ತೀರೇನು?" ಎಂದರು ಹುಡುಗನ ತಂದೆ ನಿಧಾನವಾಗಿ. "ಆಜಿ ಹೋಗಿ ಭಾಳ ವರ್ಷಾತ್ರಿ." ಗೋಡೆಯ ಮೇಲೆ ಮಾಲೆ ಹಾಕಿದ ಒಂದು ಫೋಟೋ ತೋರಿಸಿದರು. ಅಪ್ಪ ಗಾಬರಿಯಲ್ಲಿ, ತಾಟು ಹಿಡಿದುಕೊಂಡೇ, ಆ ಫೋಟೋಕ್ಕೆ ತಲೆ ಬಗ್ಗಿಸಿ ನಮಸ್ಕಾರ ಮಾಡಿದ.

ಆಗ ನನ್ನ ತಲೆಯಲ್ಲಿ ಬೆಳಕಾಯಿತು. ನನ್ನ ತರಗತಿಯ ಮರಾಠಿ ಹುಡುಗಿಯರು ತಮ್ಮ ತಾಯಿಗೆ ಆಯಿ ಎಂದೇ ಕರೆಯುತ್ತಿದ್ದರು. ಅಜ್ಜಿಗೆ ಆಜಿ. ಈ ಮನೆಯಲ್ಲೂ ಅದೇ ರೂಢಿ. ಅವ್ವನಿಗೂ ಅದೇ ಕ್ಷಣ ತಿಳಿದಿರಬೇಕು, ಅವಳ ಮುಖ ಹಿಟ್ಟಿನಂತಾಯಿತು.

ಅಷ್ಟರಲ್ಲಿ ಹುಡುಗನ ತಾಯಿ ತಾಟಿನಿಂದ ಸೀರೆ ಎತ್ತಿಕೊಂಡು ಬಿಚ್ಚಿದ್ದರು. ಒಂಬತ್ತು ವಾರಿ ನೇರಳೆ ಬಣ್ಣ ಅವರ ನಾಯಲಾನ್ ಸೀರೆಯ ಮೇಲಿಂದ ಜಾರಿ ನೆಲಕ್ಕೆ ಹರಡಿತು.

"ಏನ್ರಿ ಇದು?" ಎಂದು ಆ ಅಣ್ಣ ಎದ್ದೇ ಬಿಟ್ಟರು. "ಸತ್ತವರಿಗೆ ಸೀರಿ ತಂದೀರಿ, ಇಲ್ಲಾ ಅಂದ್ರ ನಮ್ಮ ಮನಿಯಾಕೀನ್ನ ಮುದುಕಿ ಮಾಡಾಕ ತಂದೀರಿ. ಎರಡರಾಗ ಯಾವುದು?"

ಅಪ್ಪ, "ಇಲ್ರಿ, ಹಂಗಲ್ರಿ, ನಮ್ಮ ಕಡೆ ಆಯಿ ಅಂದ್ರ..." ಎಂದು ಸುರುಮಾಡಿ, ನಡುವೆ ಮರಾಠಿಗೆ ಹೊರಳಿ, ಅಲ್ಲಿಂದ ಮತ್ತೆ ಕನ್ನಡಕ್ಕೆ ಬಂದು, ಎಲ್ಲಿಯೂ ಮುಗಿಸಲಾಗದೆ ನಿಂತ. ಶಾಲು ಜಾರಿತು. ಬಲಗಡೆಯ ಕಿಸೆ ಎಲ್ಲರಿಗೂ ಕಂಡಿತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮಗೆ ಹೇಳಿಕೊಟ್ಟವನೇ ಅವನು.

"ನಾ ಅಷ್ಟು ಮುದುಕಿ ಕಾಣಸ್ತೀನೇನ್ರಿ?" ಎಂದರು ಹುಡುಗನ ತಾಯಿ. ದನಿಯಲ್ಲಿ ಸಿಟ್ಟಿತ್ತೋ ಇನ್ನೇನಿತ್ತೋ ತಿಳಿಯಲಿಲ್ಲ. ಸೀರೆಯನ್ನು ತೋಳಿನ ಮೇಲೆ ಬಾಚಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

ನಾವು ಕುಳಿತೆವು. ಏಳಬೇಕೋ ಇರಬೇಕೋ ಯಾರಿಗೂ ಗೊತ್ತಾಗಲಿಲ್ಲ. ನನಗೆ ಅಕ್ಕನ ಮುಖ ಕಣ್ಣೆದುರು ಬಂತು, ಅವಳು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರುತ್ತಾಳೆ ಎನಿಸಿ ಅಳು ಬಂತು. ಅದರ ಜೊತೆಗೇ ಹೋಳಿಗೆಯ ವಾಸನೆಯೂ ಬರುತ್ತಿತ್ತು. ದುಃಖಕ್ಕೂ ಹಸಿವಿಗೂ ಒಂದೇ ಗಂಟಲು ಎಂದು ಅವತ್ತು ತಿಳಿದುಕೊಂಡೆ. ಅವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಹುಡುಗ ಮಾತ್ರ ಅಪ್ಪನ ಹತ್ತಿರ ಬಂದು, ಜಾರಿದ ಶಾಲನ್ನು ಎತ್ತಿ ಹೆಗಲ ಮೇಲೆ ಹಾಕಿ, "ಕುಂದರ್ರಿ ಮಾಮಾ, ಚಹಾ ಆರತೈತಿ" ಎಂದ.

ನಮ್ಮ ಆಯಿ ಚೂಡಾ ತಿನ್ನುತ್ತಿದ್ದಳು. ಹಲ್ಲಿಲ್ಲದ ಬಾಯಿಯಲ್ಲಿ ಶೇಂಗಾ ಬದಿಗೆ ತಳ್ಳಿ, ಚುರುಮುರಿಯಷ್ಟನ್ನೇ ಆರಿಸಿ, ಬಾಗಿಲು ನೋಡುತ್ತ ತಿನ್ನುತ್ತಿದ್ದಳು. ಅವ್ವ ಕಣ್ಣಿನಲ್ಲೇ ಗದರಿಸಿದರೂ ಕೈ ನಿಲ್ಲಲಿಲ್ಲ.

ಬಾಗಿಲು ತೆರೆಯಿತು. ಹುಡುಗನ ತಾಯಿ ಹೊರಗೆ ಬಂದರು, ನೇರಳೆ ಸೀರೆ ಉಟ್ಟು. ಉಟ್ಟು ಎನ್ನುವುದಕ್ಕಿಂತ ಸುತ್ತಿಕೊಂಡು ಎನ್ನಬೇಕು. ಒಂಬತ್ತು ವಾರಿ ಉಟ್ಟು ರೂಢಿಯಿಲ್ಲದ ಮೈ, ಸೊಂಟದ ಸುತ್ತ ಸೀರೆಯೆಲ್ಲ ಗಂಟು ಗಂಟಾಗಿ ನಿಂತಿತ್ತು. ಕೆಳಗೆ ಮಾತ್ರ ಗೇಣುದ್ದ ಕಾಲು ಕಾಣುತ್ತಿತ್ತು. ತುರುಬು ಹಾಗೇ ನೆಟ್ಟಗಿತ್ತು. ಎರಡು ಹೆಜ್ಜೆ ಇಟ್ಟು, ಸೆರಗು ಸಿಕ್ಕಿ ಮುಗ್ಗರಿಸಿ, ಮಗನ ತೋಳು ಹಿಡಿದುಕೊಂಡು ನಿಂತರು.

"ಈಗ ಹೇಳ್ರಿ, ಆಜಿ ಕಂಡಂಗ ಕಾಣಸ್ತೀನೋ ಇಲ್ಲೋ?"

ಮೊದಲು ನಕ್ಕವರು ಯಾರೋ ನೆನಪಿಲ್ಲ. ಆ ಸಿಡುಕಿನ ಅಣ್ಣನೇ ಕೊನೆಗೆ ಕಣ್ಣೊರೆಸಿಕೊಳ್ಳುವಂತಾಯಿತು. ಹುಡುಗನ ತಾಯಿ ನಮ್ಮ ಆಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂರಲು ಹೋಗಿ, ಆಗದೆ, ನಿಂತೇ ಹೇಳಿದರು: "ಬೀಗತ್ಯಾರ, ಇದು ನನ್ನ ಮೈಗೆ ಒಲ್ಲೆ ಅಂತೈತಿ. ಈ ಮನಿಯಾಗ ಉಡೋವರು ಈಗ ಯಾರೂ ಇಲ್ಲ. ನೀವರ ಉಟ್ಟು ತೋರಸ್ರಿ, ಹೆಂಗ ಉಡೂದು ನೋಡೂಣು."

"ಅಯ್ಯ, ನನಗ್ಯಾಕವಾ" ಎಂದಳು ಆಯಿ. ಅಷ್ಟು ಹೇಳುವಷ್ಟರಲ್ಲಿ ಅವಳು ಅಡುಗೆಮನೆಯ ಬಾಗಿಲು ದಾ‌ಟಿದ್ದಳು.

ಅವಳು ಉಟ್ಟು ಹೊರಬಂದಾಗ ನಗು ನಿಂತಿತು. ಸೀರೆ ಅವಳ ಪಾದದ ಹರಡಿನ ಗಂಟಿಗೆ ಸರಿಯಾಗಿ ಕುಳಿತಿತ್ತು, ಒಂದು ಬೆರಳು ಮೇಲಿಲ್ಲ, ಒಂದು ಬೆರಳು ಕೆಳಗಿಲ್ಲ. ಕುಸುಬೆ ಬಣ್ಣದ ದಡಿ ಬೆನ್ನ ಮೇಲೆ ನೇರ ಇಳಿದಿತ್ತು. ಗೋಡೆಯ ಮುಂದೆ ನಿಂತರೂ ಅವಳು ಗೋಡೆಯಲ್ಲಿ ಕರಗಲಿಲ್ಲ. ಅಪ್ಪ ತನ್ನ ತಾಯಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ನನಗೂ ಅವಳು ಇಷ್ಟು ಚೆಂದ ಇದ್ದಾಳೆ ಎಂದು ಗೊತ್ತಿರಲಿಲ್ಲ.

"ಬಿಚ್ಚಬ್ಯಾಡ್ರಿ, ಇದು ನಿಮ್ಮದ" ಎಂದರು ಹುಡುಗನ ತಾಯಿ. ಆಮೇಲೆ ಅವ್ವನ ಕಡೆ ತಿರುಗಿ, "ನನಗ ಐದು ವಾರಿ. ತಿಳಿ ಗುಲಾಬಿ" ಎಂದು, ಅವ್ವನ ಸೆರಗಿನ ನವಿಲನ್ನು ಹಿಡಿದು, "ಇಂಥಾ ನವಿಲು ಅದರ ಮ್ಯಾಲೆ ತಗೀಬೇಕು ನೋಡ್ರಿ" ಎಂದರು. ಅವ್ವ ಹೂಂ ಎಂದಳು. ಕಲೆಯೇ ಇಲ್ಲದ ಸೀರೆಯ ಮೇಲೆ ನವಿಲನ್ನು ಎಲ್ಲಿ ಕೂರಿಸಬೇಕೆಂಬ ಚಿಂತೆ ಅವಳನ್ನು ಬಹಳ ದಿನ ಕಾಡಿತು. ಒಂದು ಸೀರೆಯಲ್ಲಿ ಮುಗಿಯಬೇಕಾದ ವ್ಯವಹಾರ ಎರಡಕ್ಕೆ ಏರಿದ್ದು ಅಪ್ಪನಿಗೆ ತಿಳಿದದ್ದು ಊಟವಾದ ಮೇಲೆ.

ಊಟವೆಂದರೆ ಊಟ. ಹೂರಣ ತುಂಬಿದ ಹೋಳಿಗೆಯ ಮೇಲೆ ತುಪ್ಪದ ಕೆರೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣಿಗಾಯಿ, ತಮ್ಮದೇ ಗಿರಣಿಯ ಅಕ್ಕಿಯ ಮಲ್ಲಿಗೆಯಂಥ ಅನ್ನ. ನಮ್ಮ ಮನೆಯಲ್ಲಿ ತುಪ್ಪವನ್ನು ಚಮಚದ ಬೆನ್ನಿನಿಂದ ಸವರುತ್ತಿದ್ದರು, ಇಲ್ಲಿ ತಂಬಿಗೆಯಿಂದ ಸುರಿದರು. ಸಿಡುಕಿನ ಅಣ್ಣ ನನ್ನ ತಾಟಿಗೆ ಒತ್ತಾಯ ಮಾಡಿ ಹೋಳಿಗೆ ಹಾಕಿದರು. ಕುಂದಾ ತಿಂದ ಹುಡುಗ, "ಇದನ್ನ ಯಾರು ಮಾಡ್ಯಾರ?" ಎಂದು ಕೇಳಿ, ಅವ್ವ ಬಾಯಿ ತೆರೆಯುವ ಮುಂಚೆಯೇ ತಾನೇ ನಕ್ಕ.

ಸಂಜೆಯ ರೈಲಿನಲ್ಲಿ ಆಯಿ ಕಿಟಕಿಯ ಬದಿಗೆ ನೇರಳೆ ಸೀರೆಯಲ್ಲಿ ಕುಳಿತಿದ್ದಳು. ಮಣ್ಣಿನ ಬಣ್ಣದ ಹಳೆಯ ಸೀರೆ ಪೊಟ್ಟಣದಲ್ಲಿತ್ತು. ಅವ್ವ ಕೇಳಿದಳು: "ಅತ್ತಿ, ನೀವು ಆ ಸೀಮಿಯಾಗ ಹುಟ್ಟಿ ಬೆಳೆದವರು. ಅವರ ಕಡೆ ಆಯಿ ಅಂದ್ರ ಅವ್ವ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?"

ಆಯಿ ಹೊರಗೆ ನೋಡುತ್ತಲೇ ಇದ್ದಳು. "ಗೊತ್ತಿತ್ತು."

"ಮತ್ತ!" ಎಂದು ಅಪ್ಪ ಎದ್ದು ನಿಂತ. "ಯವ್ವಾ, ಹುಡುಗಿ ಲಗ್ನ ಮುರೀತಿತ್ತಲ್ಲ! ಅವರು ಆ ಸೀರಿ ತಿರುಗಿ ಒಗೆದಿದ್ರ ಏನ್ ಮಾಡ್ತಿದ್ದಿ?"

"ಅದಕ್ಕ ನನ್ನ ಅಳತಿಗೆ ನೇಯ್ಸಿದ್ದೆ" ಎಂದಳು ಆಯಿ. "ಅವರು ಒಲ್ಲೆ ಅಂದ್ರ ಸೀರಿ ಹಾಳಾಗಬಾರದಲ್ಲ."

ಅಪ್ಪನ ಕೈ ಅಭ್ಯಾಸದಂತೆ ಎಡಗಡೆ ಎದೆಗೆ ಹೋಯಿತು. ಈ ಸಲ ಪೆನ್ನಿಗಾಗಿ ಅಲ್ಲ.

ಓಣಿಗೆ ಬಂದಾಗ ಮುಚ್ಚಂಜೆ. ಅಕ್ಕ ಕಟ್ಟೆಯ ಮೇಲೆ ನಿಂತಿದ್ದಳು. ತಲೆ ಬಾಚಿ, ಕಣ್ಣಿಗೆ ಕಾಡಿಗೆ ಹಚ್ಚಿ ಕಾಯುತ್ತಿದ್ದಳು. ದೂರದಿಂದಲೇ ಅವಳಿಗೆ ಆಯಿ ಉಟ್ಟ ಸೀರೆ ಕಂಡಿತು. ಬೀಗರಿಗೆ ಕೊಟ್ಟ ಸೀರೆ ತಿರುಗಿ ಬಂತೆಂದರೆ ಏನರ್ಥ? ಅವಳು ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಅಪ್ಪ, ಅವ್ವ, ನಾನು ಮೂವರೂ ಒಟ್ಟಿಗೆ ಬಾಯಿ ಮಾಡಿದ್ದರಿಂದ ಅವಳಿಗೆ ಏನೂ ತಿಳಿಯಲಿಲ್ಲ. ಆಯಿ ನಮ್ಮನ್ನೆಲ್ಲ ಬದಿಗೆ ಸರಿಸಿ ಅವಳ ಹತ್ತಿರ ಕುಳಿತಳು.

"ಕೇಳ ಇಲ್ಲೆ, ನನ ಕೂಸ. ನಾ ಈ ಮನಿಗೆ ಲಗ್ನಾಗಿ ಬಂದಾಗ ನಿನಗಿಂತ ಸಣ್ಣಾಕಿ. ತವರಿನಾಗ ನಾವೂ ನಮ್ಮವ್ವಗ ಆಯಿ ಅಂತಿದ್ವಿ. ಮೊದಲನೇ ದಿನ ನೆನಪಾಗಿ ಆಯಿ, ಆಯಿ ಅಂತ ಅಳಾಕತ್ತಿದ್ದೆ. ಈ ಮನಿ ಹಿರೇ ಮುದುಕಿ, ಅಕೀಗೆ ಇವರೆಲ್ಲಾ ಆಯಿ ಅಂತಿದ್ರು, ಅಕಿ ಬಂದು, ನನ್ನ ಕರಿಯಾಕ ನಾ ನಿನ್ನ ಆಳೇನ ಅಂತ ಎಲ್ಲಾರ ಮುಂದ ಬೈದ್ಳು. ಅವತ್ತ ನನ್ನ ಊಟಕ್ಕ ಕರೀಲಿಲ್ಲ. ಆ ಮ್ಯಾಲ ವರ್ಷಗಟ್ಟಲೆ ಅದನ್ನ ಆಡಿ ಆಡಿ ನಕ್ರು. ನಾ ಆ ಶಬ್ದ ಬಿಟ್ಟೆ. ಮುಂದ ನಮ್ಮವ್ವ ನನ್ನ ನೋಡಾಕ ಬಂದಾಗ, ಅವ್ವಾ ಬಾ ಅಂದೆ. ಅಕಿ ಹಿಂದ ತಿರುಗಿ ನೋಡಿದ್ಳು, ಯಾರನ್ನ ಕರೀತಾಳ ಇಕಿ ಅಂತ."

ಅಕ್ಕ ತಲೆ ಎತ್ತಿದಳು. ಅಪ್ಪ ಬಾಗಿಲಲ್ಲೇ ನಿಂತಿದ್ದ. ತನ್ನ ಮನೆಯ ಈ ಕತೆಯನ್ನು ಅವನೂ ಅವತ್ತೇ ಕೇಳಿದ್ದು.

"ಒಂದು ಶಬ್ದ ತಪ್ಪಿದ್ರ ಆ ಮನಿ ಮಂದಿ ಏನ ಮಾಡ್ತಾರ, ನೋಡಬೇಕಾಗಿತ್ತು. ನೋಡಿ ಬಂದೆ" ಎಂದಳು ಆಯಿ. "ನಿಮ್ಮತ್ತಿ ಸೀರಿ ಸುತಗೊಂಡು ಬಿದ್ದು ಎದ್ದು ನಗಸ್ಯಾಳ. ನಿನ್ನ ಗಂಡ ಆಗಾಂವ ನಿಮ್ಮಪ್ಪನ ಶಾಲ ಎತ್ತಿ ಹೊಚ್ಚ್ಯಾನ. ಆ ಮನಿಯಾಗ ತಪ್ಪ ಮಾಡಿದ್ರ ನಡೀತೈತಿ. ಹೋಗು."

ಅಕ್ಕ ಆಯಿಯ ತೊಡೆಯ ಮೇಲೆ ಮುಖವಿಟ್ಟು ಅತ್ತಳು. "ಸೀರಿ, ಸೀರಿ!" ಎಂದು ಅವ್ವ ಓಡಿಬರುವಷ್ಟರಲ್ಲಿ ಕಾಡಿಗೆ ನೇರಳೆಯ ಮೇಲೆ ಇಳಿದು ಕರೀ ಕಲೆಯಾಗಿತ್ತು. ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ. ಮರುದಿನ ಅವ್ವ ಸೂಜಿ ದಾರ ತೆಗೆದುಕೊಂಡು ಕುಳಿತು, ಅದರ ಮೇಲೆ ಒಂದು ಹೂವು ತೆಗೆದಳು.